ಹಸನನ ಫಾತಿಹಾ

ದೀಪಾಲಿಗೆ ಒಂದು ಕೆಟ್ಟ ಚಟ. ಯುದ್ಧಕಾಲದ ಕಾದಂಬರಿ ಕೈಗೆ ಸಿಕ್ಕರೆ ಮೊದಲು ಕೊನೆಯ ಪುಟ ಓದಬೇಕು. ಯಾರು ಉಳಿದರು, ಯಾರು ಹೋದರು ಎಂದು ತಿಳಿಯದೆ ಅವಳಿಗೆ ಮೊದಲ ಪುಟ ರುಚಿಸುವುದಿಲ್ಲ. ಹುಮನಾಬಾದಿನ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಸವಕಲ್ಯಾಣದ ಬಸ್ಸು ಹತ್ತಿದಳೆಂದರೆ, ರಾಜೇಶ್ವರ ಬರುವಷ್ಟರಲ್ಲಿ ಯಾವುದೋ ದೇಶದ ಕಂದಕದಲ್ಲಿರುತ್ತಾಳೆ.

ಪಕ್ಕದ ಮನೆಯ ಅನ್ವರಿ ಖಾಲಾ ಇದಕ್ಕೆ ಪೂರ್ತಿ ಉಲ್ಟಾ. ಕಣ್ಣಿಗೆ ಪೊರೆ ಬಂದ ಮೇಲೆ ಸಂಜೆ ದೀಪಾಲಿಯ ಬಾಯಿಂದಲೇ ಕತೆ ಕೇಳುತ್ತಾಳೆ. ಮುಂದಿನದನ್ನು ಒಂದು ಮಾತು ಮೊದಲೇ ಹೇಳಿದರೂ ಮುದುಕಿಗೆ ಸಿಟ್ಟು ನೆತ್ತಿಗೇರುತ್ತದೆ.

ಈ ಸಲದ್ದು ಮೊದಲ ಮಹಾಯುದ್ಧದ ಕತೆ. ಬಾಗ್ದಾದಿನ ದಾರಿಯಲ್ಲಿ ಪಲ್ಟಣಿನ ಹೇಸರಗತ್ತೆ ಹೊಡೆಯುವ ಹಸನನದು. ಖಾಲಾ ಅವನನ್ನು ಹೆತ್ತ ಮಗನಂತೆ ಹಚ್ಚಿಕೊಂಡಳು. "ಉಂಡಾನೇನು ಅಂವ?" ಎಂದು ನಡುನಡುವೆ ಕೇಳುವಳು. ಹಸನ ಊರಿಗೆ ಮರಳುವುದಿಲ್ಲವೆಂದು ಕೊನೆಯ ಪುಟ ದೀಪಾಲಿಗೆ ಎಂದೋ ಹೇಳಿಬಿಟ್ಟಿತ್ತು. ಅವನು ಸಾಯುವ ಅಧ್ಯಾಯ ಬಂದಾಗ ಅವಳ ಮನಸ್ಸು ಒಪ್ಪಲಿಲ್ಲ. ಪುಸ್ತಕ ತೆರೆದಿಟ್ಟುಕೊಂಡೇ ಬಾಯಿಗೆ ಬಂದದ್ದು ಹೇಳಿದಳು: ಹಸನನಿಗೆ ಜ್ವರ ಬಂತು, ಇಳಿಯಿತು, ಹೊಳೆ ದಾಟಿದ. ಕೆಲವು ಸಂಜೆ ಹೀಗೇ ದೂಡಿದಳು.

ಒಂದು ಸಂಜೆ ಬಂದು ನೋಡಿದರೆ ಖಾಲಾನ ಮನೆ ತುಂಬ ಲೋಬಾನದ ಹೊಗೆ. ತಟ್ಟೆಯಲ್ಲಿ ಚಪಾತಿ ಪುಡಿಮಾಡಿ ಬೆಲ್ಲ ಬೆರೆಸಿದ ಮಲೀದಾ, ಸತ್ತವರ ಹೆಸರಿನ ಪ್ರಾರ್ಥನೆಗೆ ಇಡುವಂಥದ್ದು.

"ಯಾರ ಫಾತಿಹಾ ಖಾಲಾ?"

"ಹಸನಂದು."

ದೀಪಾಲಿ ತಬ್ಬಿಬ್ಬಾದಳು. "ಅಂವ ಬದುಕ್ಯಾನಲ್ರಿ!"

"ಸುಳ್ಳ ಹೇಳಬ್ಯಾಡ ಬೇಟಿ. ನೀ ಓದೇ ಓದಾಕತ್ತಿ, ಹಾಳಿ ತಿರುವೂ ಸಪ್ಪಳನ ಇಲ್ಲ. ಕಣ್ಣ ಹೋಗ್ಯಾವ, ಕಿವಿ ಅದಾವ."

"ಆದ್ರೂ ಪುಸ್ತಕದಾಗಿನವರಿಗೆ ಯಾರಾದ್ರೂ ಫಾತಿಹಾ ಮಾಡ್ತಾರೇನ್ರಿ?"

"ಇಷ್ಟ ದಿನ ಅಂವಗ ದುವಾ ಬೇಡೀನಿ, ಅದು ನಡೀತು. ಇದ್ಯಾಕ ನಡ್ಯಂಗಿಲ್ಲ? ಈಗ ಖರೇ ಓದು. ಪರದೇಶದಾಗ ಅಂವಗ ಮಣ್ಣ ಕೊಟ್ಟವರು ಯಾರು?"

ಅದು ಕೊನೆಯ ಪುಟದಲ್ಲಿ ಇರಲಿಲ್ಲ. ದೀಪಾಲಿಗೂ ಈಗ ತಿಳಿಯಲೇಬೇಕಾಯಿತು. ಹಾಳೆ ತಿರುವಿದಳು, ಮತ್ತೊಂದು ತಿರುವಿದಳು. ಓದುತ್ತ ಓದುತ್ತ ಆ ಸಾಲಿಗೆ ಬಂದಳು.

"ಪಲ್ಟಣಿನಾಗ ಅಡಗಿ ಮಾಡೂ ಗಣಪತಿ ಅನ್ನಾಂವ, ಖಾಲಾ. ಗುಂಡು ಹಾರಾಕತ್ತಿದ್ರೂ ಕೈಲೇ ತಗ್ಗ ತೋಡ್ಯಾನ."

ಖಾಲಾ ತಡಕಾಡಿ ಇನ್ನೊಂದು ತಟ್ಟೆ ಎಳೆದುಕೊಂಡು ಮಲೀದಾ ಹಾಕಿ ದೀಪಾಲಿಯತ್ತ ಸರಿಸಿದಳು.

"ಇದು ಗಣಪತಿ ಪಾಲಿಂದು, ನೀನ ತಿನ್ನು. ಅಂವನಾದ್ರೂ ಊರ ಮುಟ್ಟಿದನೇನು? ಬ್ಯಾಡ, ಹೇಳಬ್ಯಾಡ. ಓದು."