ತಳೇಗಾವ ಲೋಕಲ್‌ನ ರಾಜಕುಮಾರ

ಖಡಕಿಯ ಮನೆಯಲ್ಲಿ ಕತೆ ಕೇಳಲು ಯಾರೂ ಕೂತಲ್ಲಿಂದ ಏಳಬೇಕಿರಲಿಲ್ಲ. ಒಂದೇ ಕೋಣೆ, ಅದರ ಮೂಲೆಯಲ್ಲೇ ಒಲೆ. ದೇವರಿಗೆ ದೀಪ ಹಚ್ಚಿದ ಮೇಲೆ ಆಯಿ ರೊಟ್ಟಿ ಬಡಿಯುತ್ತಾ ಕತೆ ಶುರುಮಾಡುವಳು. ಅಪ್ಪನ ತಾಯಿ ನಾಗವ್ವನನ್ನು ನಾನು ಆಯಿ ಎಂದೇ ಕರೆಯುವುದು. ಅವಳ ಕತೆಗೊಂದು ಕಟ್ಟಳೆ: ಕೇಳುವವರು ಮಾತುಮಾತಿಗೆ ‘ಹೂಂ’ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. ರಾಜಕುಮಾರ ಎತ್ತಿದ ಕಾಲು ಎತ್ತಿದಂತೆಯೇ ಇರಬೇಕು. ನಾನು ಮರೆತರೆ ಟ್ರಂಕಿನ ಮೇಲೆ ಕೂತ ಅಪ್ಪ ಅನ್ನುತ್ತಿದ್ದರು. ಅಪ್ಪನೂ ಮರೆತರೆ ಗೋಡೆಯಾಚೆಯ ಮರಾಠಿ ಮಾವಶಿ, ಕನ್ನಡ ಬಾರದಿದ್ದರೂ, “ಹಂ, ಪುಢೆ?” ಮುಂದೇನು, ಎಂದು ಕೂಗುತ್ತಿದ್ದಳು.

ಆದರೂ ನನಗೆ ನನ್ನದೇ ಕೋಣೆ ಬೇಕಿತ್ತು. ಮುಚ್ಚಿಕೊಳ್ಳಲು ಒಂದು ಬಾಗಿಲು, ಸುಮ್ಮನೆ ನೋಡುತ್ತ ನಿಲ್ಲಲು ಒಂದು ಕಿಟಕಿ. ನಮ್ಮ ಕೈಲಾಗುವ ದುಡ್ಡಿಗೆ ಖಡಕಿಯಲ್ಲಿ ಅಂಥದ್ದೇ ಇನ್ನೊಂದು ಕೋಣೆ ಸಿಗುತ್ತಿತ್ತು, ತಳೇಗಾವದಲ್ಲಾದರೆ ಮೂರು. ಆದರೆ ಅಲ್ಲಿಂದ ನಗರದೊಳಗಿನ ಕ್ಯಾಂಪಿನ ನನ್ನ ಆಫೀಸಿಗೆ ಲೋಕಲ್ ರೈಲಿನಲ್ಲಿ ಬಲು ದೂರ.

“ಗಾಡ್ಯಾಗ ಬಾಳೇ ಮಾಡಾಕಿ ಏನ?” ಎಂದು ಅವ್ವ ಗೊಣಗಿದಳು.

ಒಂದು ಭಾನುವಾರ ಎಲ್ಲರೂ ಮನೆ ನೋಡಲು ಹೋದೆವು. ನಾನು ಹಿಂದಿನ ಕೋಣೆಯ ಕಿಟಕಿಗೆ ಓಡಿದೆ. ದೂರದಲ್ಲಿ ನೀಲಿ ಗುಡ್ಡಗಳು. ಅವ್ವ ಬಚ್ಚಲಿನ ನಲ್ಲಿ ತಿರುಗಿಸುತ್ತಿದ್ದಳು, ಅಪ್ಪ ಗ್ಯಾಲರಿಯಲ್ಲಿದ್ದರು. ಆಗ ಅಡುಗೆಮನೆಯಿಂದ ಆಯಿಯ ದನಿ ಬಂತು: “ಒಂದೂರಾಗ ಒಬ್ಬ ರಾಜ ಇದ್ದ...”

ಕೇಳಿಸಿತು. ಹತ್ತಿರ ಇದ್ದವರು ಯಾರಾದರೂ ಹೂಂ ಅಂದಾರು ಎಂದುಕೊಂಡೆ. ಎಲ್ಲರೂ ಹಾಗೆಯೇ ಅಂದುಕೊಂಡಿರಬೇಕು. ಬರಿ ಗೋಡೆಗಳ ನಡುವೆ ರಾಜ ಒಬ್ಬನೇ ಉಳಿದ.

ಓಡಿ ಬಂದರೆ ಆಯಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು.

“ಆಯಿ, ಬ್ಯಾಡೇನ ಈ ಮನಿ?” ಎಂದು ಕೇಳಿದೆ.

“ಯಾರಂದ್ರ ಬ್ಯಾಡಂತ? ಹೆಂಗ ಕಾಲ ಚಾಚೀನಿ ನೋಡು. ಖಡಕ್ಯಾಗ ಚಾಚಿದ್ರ ನಿಮ್ಮಪ್ಪನ ಮಾರಿಗೇ ತಾಗತಿತ್ತು.”

“ಎಷ್ಟ ಸಲ ತಾಗೇದ, ಕೇಳ್ರಿ!” ಎಂದರು ಗ್ಯಾಲರಿಯಿಂದ ಒಳಬಂದ ಅಪ್ಪ.

ನಗು ಅಡಗಿದ ಮೇಲೆ ಆಯಿ ಮೆಲ್ಲಗೆ ಅಂದಳು: “ಆದ್ರ ಇಲ್ಲಿ ಕತಿ ನಡಿಯಂಗಿಲ್ಲವಾ ರೇಣು. ದೀಪ ಹಚ್ಚೂ ಹೊತ್ತಿಗೆ ಹೂಂ ಅನ್ನಾಕ ನೀ ಇರಂಗಿಲ್ಲ.”

ಆ ಮನೆಯನ್ನೇ ಹಿಡಿದೆವು. ನನ್ನ ಗುಡ್ಡಗಳು ಕಿಟಕಿಯಲ್ಲೇ ಇದ್ದವು; ನಾನು ಮನೆ ಸೇರುವ ಹೊತ್ತಿಗೆ ಕತ್ತಲಲ್ಲಿ ಕರಗಿರುತ್ತಿದ್ದವು. ಆಯಿ ಉಂಡು ತೂಕಡಿಸುತ್ತಿರುತ್ತಿದ್ದಳು. ಕೋಣೆ ಸಿಕ್ಕಿತು, ಕತೆ ನಿಂತಿತು.

ಒಂದು ಸಂಜೆ ಲೋಕಲ್ ಖಡಕಿಗೆ ಬಂದಾಗ ನಮ್ಮ ಹಳೆಯ ಓಣಿಯ ನೀರಿನ ಟಾಕಿ ಕಂಡಿತು. ಕೆಳಗಿನ ಮನೆಗಳಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ತಡೆಯಲಾಗಲಿಲ್ಲ, ಮನೆಗೆ ಫೋನು ಮಾಡಿದೆ.

“ಆಯಿ, ದೀಪ ಹಚ್ಚಿದೇನ?”

“ಹಚ್ಚೀನಿ. ಎಲ್ಲಿ ಅದೀ?”

“ಖಡಕ್ಯಾಗ.”

ಆ ಕಡೆ ಒಲೆಯ ಹತ್ತಿರ ಮಣೆ ಎಳೆದ ಸದ್ದು ಕೇಳಿಸಿತು. ಆಮೇಲೆ, “ಒಂದೂರಾಗ ಒಬ್ಬ ರಾಜ ಇದ್ದ...”

“ಹೂಂ!” ಅಂದೆ. ಎದುರು ಸೀಟಿನ ಹೆಂಗಸರೆಲ್ಲ ತಲೆ ಎತ್ತಿದರು.

ಈಗ ದಿನವೂ ಹಾಗೆಯೇ. ಆಯಿ ಸ್ಟೇಶನ್ ಕೇಳಿ ಕೇಳಿ ಕತೆ ನಡೆಸುತ್ತಾಳೆ. ಪಿಂಪ್ರಿಗೆ ರಾಜಕುಮಾರ ಊರು ಬಿಟ್ಟು ನಡೆಯುತ್ತಾನೆ, ದೇಹು ರೋಡಿಗೆ ಅಡವಿ ಹೊಗುತ್ತಾನೆ, ನಾನು ಇಳಿಯುವಷ್ಟರಲ್ಲಿ ಮದುವೆ. ಮೊನ್ನೆ ಆಕುರ್ಡಿಯ ಹತ್ತಿರ ಗಾಡಿ ಬಹಳ ಹೊತ್ತು ನಿಂತುಬಿಟ್ಟಿತು.

“ಇನ್ನೂ ಅಲ್ಲೇ ಅದಿ? ಇವನ ಕಾಲ ಭಾಳ ಸೋತಾವ.”

“ಗಿಡದ ಬುಡಕ ಕೂಡ್ರಸು ಆಯಿ.”

“ಕೂಡ್ರಸೀನಿ. ಮುಳ್ಳ ತಗೀಲಿಕ್ಕೆ ಹತ್ತ್ಯಾನ.”

ಪಕ್ಕದಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದ ಮರಾಠಿ ಹೆಂಗಸು ಏನಾಯಿತೆಂದು ಕೇಳಿದಳು. ರಾಜಕುಮಾರ ನಿಂತಿದ್ದಾನೆ ಎಂದೆ. ಅವಳು ಕಿಟಕಿಯಿಂದ ಬಗ್ಗಿ ಸಿಗ್ನಲ್ ನೋಡಿ, “ಸುಟೇಲ್ ಆತಾ,” ಈಗ ಬಿಡುತ್ತದೆ, ಎಂದು ಸಮಾಧಾನ ಹೇಳಿದಳು.

ಗಾಡಿ ಜಗ್ಗಿತು.

“ಹೊಂಟ್ವಿ ಆಯಿ.”

ಫೋನಿನೊಳಗೆ ಮೊದಲು ರೊಟ್ಟಿ ಬಡಿಯುವ ಸದ್ದು ಬಂತು. ಅದಕ್ಕೂ ಹೂಂ ಅಂದೆ.