ಕಸ್ತೂರಿಯ ಹತಾರ

ನಾನೊಂದು ಲ್ಯಾಪ್‌ಟಾಪ್. ಹುಟ್ಟಿದ ಊರು ಯಾವುದೆಂದು ಕೇಳಬೇಡಿ. ನನ್ನ ಹೊಟ್ಟೆ ಒಂದು ದೇಶದಲ್ಲಿ, ಮುಖ ಇನ್ನೊಂದು ದೇಶದಲ್ಲಿ ತಯಾರಾಯಿತು. ಮತ್ತೆಲ್ಲೋ ಒಬ್ಬ ಹೆಂಗಸು ಎರಡನ್ನೂ ಕೂಡಿಸಿ ಸ್ಕ್ರೂ ಬಿಗಿದಳು. ಆಗ ನನ್ನ ಬೆನ್ನು ಅವಳ ಕಡೆಗಿದ್ದುದರಿಂದ ಅವಳ ಮುಖ ನಾನು ನೋಡಲಿಲ್ಲ. ಹುಟ್ಟಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಅದರ ಬಗ್ಗೆ ಸಿಟ್ಟೇನೂ ಇಲ್ಲ. ನನ್ನ ಸಿಟ್ಟು ಬೇರೆ ಕಡೆ ಇದೆ.

ಮೊದಲು ನನ್ನನ್ನು ಕೊಂಡವರು ಹುಬ್ಬಳ್ಳಿಯ ಒಬ್ಬ ಅಧಿಕಾರಿ. ನನ್ನ ಮೇಲೆ ಅವರು ಮಾಡಿದ ಮುಖ್ಯ ಕೆಲಸ ಇಸ್ಪೀಟು. ಸೋತಾಗಲೆಲ್ಲ "ಇದು ಭಾಳ ಸ್ಲೋ ಆಗೇತಿ" ಎನ್ನುತ್ತಿದ್ದರು. ಅವರ ಸೋಲಿಗೂ ನನ್ನ ವೇಗಕ್ಕೂ ಏನು ಸಂಬಂಧವೋ ನನಗೆ ಇಂದಿಗೂ ತಿಳಿದಿಲ್ಲ. ಕೊನೆಗೆ ಆ ಹೆಸರು ಹೊತ್ತೇ ನಾನು ಹಳೆಯ ಯಂತ್ರಗಳ ಅಂಗಡಿಗೆ ಬಂದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವನು ಫಕೀರಪ್ಪ. ಬೆಟಗೇರಿಯಲ್ಲಿ ಅವನದೊಂದು ಹಿಟ್ಟಿನ ಗಿರಣಿ. ಕೈ, ಮೀಸೆ, ರೆಪ್ಪೆ ಎಲ್ಲ ಬೆಳ್ಳಗೆ ಹಿಟ್ಟು. ನನ್ನನ್ನು ಮುಟ್ಟುವ ಮೊದಲು ಅವನು ಕೈ ತೊಳೆದುಕೊಂಡ. ಅಧಿಕಾರಿ ಒಂದು ಸಲವೂ ಹಾಗೆ ಮಾಡಿರಲಿಲ್ಲ.

ಅವನು ನನ್ನನ್ನು ತಂದದ್ದು ಮಗಳು ಕಸ್ತೂರಿಗಾಗಿ. ಕಸ್ತೂರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬಿ.ಎ. ಓದುತ್ತಿದ್ದಳು. ಅವಳ ಗೆಳತಿಯೊಬ್ಬಳು ನನ್ನೊಳಗೆ ತೆರೆಯ ಮೇಲಿನದ್ದನ್ನೆಲ್ಲ ಓದಿ ಹೇಳುವ ತಂತ್ರಾಂಶ ಹಾಕಿಕೊಟ್ಟಳು. ಅಂದು ನನಗೆ ಬಾಯಿ ಬಂತು. ಕಸ್ತೂರಿ ಮೊದಲು ಒತ್ತಿದ್ದು ತನ್ನ ಹೆಸರಿನ ಅಕ್ಷರಗಳನ್ನು. ರೈಲ್ವೆ ಸ್ಟೇಶನ್ನಿನಲ್ಲಿ ಗಾಡಿ ತಡವಾಗಿದೆ ಎಂದು ಹೇಳುವ ದನಿಯಲ್ಲಿ ನಾನು "ಕಸ್ತೂರಿ" ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ತೆರೆಯ ಬೆಳಕನ್ನು ಸೊನ್ನೆಗೆ ಇಳಿಸಿದಳು.

"ಯಾರಿಗಂತ ಮುಖಾ ತೋರಸ್ತಿ? ಸುಮ್ನ ಬ್ಯಾಟರಿ ತಿಂತಿ" ಎಂದಳು.

ಹೀಗೆ ನಾನು ಕತ್ತಲೆಯ ಮುಖದ, ತುಂಬ ಮಾತಿನ ಯಂತ್ರವಾದೆ. ಅದು ನನ್ನ ಬಾಳಿನ ಒಳ್ಳೆಯ ಕಾಲ.

ಗಿರಣಿಗೆ ಜೋಳ ಬೀಸಿಸಲು ಬಂದವರು ಅವಳನ್ನು ಕಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಹಾಡ್ತಿಯೇನವಾ?"

"ಇಲ್ರಿ. ರಾಜ್ಯಶಾಸ್ತ್ರ ಓದ್ತೇನಿ."

"ಅಯ್ಯ, ಕಣ್ಣಿಲ್ದವರು ಹಾಡಿದ್ರ ಚಂದ."

"ನಿಮಗ ಕಣ್ಣ ಅದಾವಲ್ರಿ, ನೀವೇನು ಚಿತ್ರಾ ಬರಿತೀರೇನು?"

ನನ್ನ ಸಿಟ್ಟಿನ ಅರ್ಧ ಭಾಗ ನಾನು ಅವಳಿಂದಲೇ ಕಲಿತದ್ದು.

ಅವಳ ಸಿಟ್ಟಿಗೆ ಕಾರಣವಿತ್ತು. ಕಣ್ಣು ಕಾಣದವರು ಪರೀಕ್ಷೆಯಲ್ಲಿ ಉತ್ತರ ಹೇಳಬೇಕು, ಬರೆದುಕೊಡಲು ಕಾಲೇಜು ಒಬ್ಬರನ್ನು ಕೊಡುತ್ತದೆ. ಆ ಬರಹಗಾರರು ಅವಳಿಗಿಂತ ಕಡಿಮೆ ಓದಿದವರೇ ಆಗಿರಬೇಕು. ಹಿಂದಿನ ವರ್ಷ ಬಂದ ಹುಡುಗಿ ಕೈ ನೊಂದಾಗಲೆಲ್ಲ 'ಇತ್ಯಾದಿ' ಎಂದು ಬರೆದಿಟ್ಟಿದ್ದಳು. ಕಸ್ತೂರಿ ಉಸಿರು ಬಿಗಿಹಿಡಿದು ಹೇಳಿದ ವಾದಗಳೆಲ್ಲ ಆ ಇತ್ಯಾದಿಯೊಳಗೆ ಮುಳುಗಿದವು. ಉತ್ತರಪತ್ರಿಕೆಯ ನಕಲು ತರಿಸಿ ಗೆಳತಿಯಿಂದ ಓದಿಸಿದ ಮೇಲೆಯೇ ಅವಳಿಗೆ ಇದು ಗೊತ್ತಾದದ್ದು. ಕೊನೆಯ ವರ್ಷದ ಪರೀಕ್ಷೆಯನ್ನು ಬೇರೆಯವರ ಕೈಯಿಂದ ಬರೆಸುವುದಿಲ್ಲ, ನನ್ನ ಮೇಲೆ ತಾನೇ ಟೈಪ್ ಮಾಡುತ್ತೇನೆ ಎಂದು ಅವಳು ಹಟ ಹಿಡಿದಳು. ಕಾಲೇಜಿನ ಪರೀಕ್ಷಾ ವಿಭಾಗದ ಹೊಸಮನಿ ಸರ್ ಬಳಿಗೆ ಎಷ್ಟೋ ಸಲ ಅಲೆದಳು. ಕೊನೆಗೊಮ್ಮೆ ಅವರು ಒಪ್ಪಿದರು. ಒಂದು ಷರತ್ತು.

"ಕಂಪ್ಯೂಟರ್‌ನ್ಯಾಗ ಹೊಸಾ ಆವೃತ್ತಿನ ಇರಬೇಕು. ಹಳೇದಿದ್ರ ಒಳಗ ಬಿಡೂದಿಲ್ಲ."

"ಯಾಕ್ರೀ ಸರ್?"

"ಮ್ಯಾಲಿಂದ ಬಂದೇತಿ."

ಮೇಲಿನಿಂದ ಬಂದದ್ದನ್ನು ಪ್ರಶ್ನಿಸುವ ಪದ್ಧತಿ ಇಲ್ಲವಲ್ಲ. ಪರೀಕ್ಷೆಗೆ ಒಂದು ವಾರ ಇರುವಾಗ ಕಸ್ತೂರಿ ನನ್ನನ್ನು ನಡೆಸುವ ಮೂಲ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಲು ಕೂತಳು. ಅಂದು ಮಹಾನವಮಿ.

ಒಂದಿಷ್ಟು ದೂರದವರೆಗೆ ನಾನು ಮಾತಾಡುತ್ತಾ ಏರಿದೆ. ನಂತರ ಒಮ್ಮೆ ಆರಿ ಮತ್ತೆ ಶುರುವಾದೆ, ಬಾಯಿ ಕಟ್ಟಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಆ ಹೊತ್ತಿನಲ್ಲಿ ದನಿಗೆ ಜಾಗವಿರುವುದಿಲ್ಲ. ಕಸ್ತೂರಿಗೆ ಇದು ಗೊತ್ತಿತ್ತು. ಕೆಲಸ ತಾನಾಗಿ ಮುಗಿಯಲಿ ಎಂದು ಪ್ಲಗ್ಗಿಗೆ ಸಿಕ್ಕಿಸಿಯೇ ಬಿಟ್ಟು ಸ್ನಾನಕ್ಕೆ ಹೋದಳು.

ಅದು ಹತಾರಗಳಿಗೆ, ಅಂದರೆ ದುಡಿಯುವ ಸಲಕರಣೆಗಳಿಗೆ, ಪೂಜೆ ಮಾಡುವ ಖಂಡೇ ಪೂಜೆಯ ದಿನ. ಗಿರಣಿ ಬಂದ್ ಆಗಿತ್ತು. ಫಕೀರಪ್ಪ ತಕ್ಕಡಿ, ಸುತ್ತಿಗೆ, ಪಾನಾ, ಬೆಲ್ಟು, ಕುಡುಗೋಲು ಎಲ್ಲವನ್ನೂ ತೊಳೆದು ಕಂಬಳಿಯ ಮೇಲೆ ಸಾಲಾಗಿ ಇಟ್ಟಿದ್ದ. ನೋಡಿದ, ಒಂದು ಕಡಿಮೆ ಅನ್ನಿಸಿತು. ಒಳಗೆ ಬಂದ. ನನ್ನ ತೆರೆ ಕಪ್ಪಗಿತ್ತು, ಬಾಯಿ ಮುಚ್ಚಿತ್ತು. ಆರಿದೆ ಎಂದುಕೊಂಡ. ಪ್ಲಗ್ ಕಿತ್ತು ನನ್ನನ್ನು ಎದೆಗವಚಿಕೊಂಡು ಹೊರಟ. ನನ್ನ ಬ್ಯಾಟರಿಯೋ, ಮುಪ್ಪಿನದು. ಹೊಸ್ತಿಲು ದಾಟುವಷ್ಟರಲ್ಲಿ ಪ್ರಾಣ ಹೋಯಿತು. ಅರ್ಧ ಹಳೆಯ, ಅರ್ಧ ಹೊಸ ನಾನು ತಕ್ಕಡಿಯ ಪಕ್ಕದಲ್ಲಿ ಕೂತೆ. ಅವನು ನನ್ನ ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿ, ಮೇಲೆ ಚೆಂಡುಹೂ ಇಟ್ಟ.

ಕೂದಲು ಒರೆಸಿಕೊಳ್ಳುತ್ತ ಬಂದ ಕಸ್ತೂರಿ ಟೇಬಲ್ ತಡವಿದಳು.

"ಅಪ್ಪಾ, ಲ್ಯಾಪ್‌ಟಾಪ್ ಎಲ್ಲಿ?"

"ಪೂಜಿಗೆ ಇಟ್ಟೇನವಾ. ಎಲ್ಲಾ ಹತಾರ ಕುಂತಾವ, ನಿನ್ನ ಹತಾರ ಒಂದ ಹೊರಗ ಉಳಿಬೇಕೇನು?"

ಅವಳು ಪ್ಲಗ್ಗಿನ ಕಡೆ ಕೈ ಚಾಚಿದಳು; ಅದು ಖಾಲಿಯಿತ್ತು. ನನಗೆ ಫಕೀರಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಲ್ಲಿಯವರೆಗೆ ಯಾರೂ ನನ್ನನ್ನು ಹತಾರ ಎಂದಿರಲಿಲ್ಲ.

ಸಿಟ್ಟು ಬಂದದ್ದು ಮಹಾಂತೇಶನ ಮೇಲೆ. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಮರುದಿನ ಅಪ್ಪ ಮಗಳು ನನ್ನನ್ನು ಅಲ್ಲಿಗೆ ಒಯ್ದರು. ಅವನು ಗುಂಡಿ ಒತ್ತಿದ, ಕಪ್ಪು ತೆರೆ ನೋಡಿದ, ಚಹಾ ಕುಡಿದ. ಅಷ್ಟೊತ್ತಿಗೆ ನಾನು ನನಗೇನಾಗಿದೆ, ಏನು ಮಾಡಬೇಕು ಎಂಬುದನ್ನೆಲ್ಲ ತೆರೆಯ ಮೇಲೆ ಬರೆದಿಟ್ಟಿದ್ದೆ. ಕತ್ತಲಲ್ಲಿ ಬರೆದಿದ್ದೆ, ನಿಜ. ಆದರೆ ಬಗ್ಗಿ ನೋಡಿದ್ದರೆ ಮಸುಕಾಗಿಯಾದರೂ ಕಾಣುತ್ತಿತ್ತು. ಕಣ್ಣಿದ್ದವನು ಬಗ್ಗಲಿಲ್ಲ.

"ಬೋರ್ಡ್ ಹೋಗೇತಿ ಕಾಕಾ. ಮನಷ್ಯಾರಂಗ ಇದಕ್ಕೂ ವಯಸ್ಸಾಗ್ತೈತಿ."

"ಸೋಮವಾರ ಆಕಿ ಪರೀಕ್ಷಾ ಐತೋ."

"ಬರ್ಯಾಕ ಮಂದಿ ಕೊಡ್ತಾರಲ್ಲ, ಬಿಡ್ರಿ. ಕಣ್ಣ ಕಾಣ್ದಾಕಿ ಇಷ್ಟ್ಯಾಕ ತ್ರಾಸ ತಗೋಬೇಕು?"

ಕಸ್ತೂರಿ ಬಗ್ಗಿ ನನ್ನ ಪಕ್ಕೆಗೆ ಕಿವಿ ಇಟ್ಟಳು. ಬಹಳ ಹೊತ್ತು ಹಾಗೇ ಇದ್ದಳು.

"ಫ್ಯಾನ್ ತಿರಗಾಕತ್ತೈತಿ. ಡಿಸ್ಕ್ ಓಡಾಕತ್ತೈತಿ. ಸತ್ತಿಲ್ಲ ಇದು. ನಡಿಯಪ್ಪಾ ಮನಿಗೆ."

ದಾರಿಯುದ್ದಕ್ಕೂ ಫಕೀರಪ್ಪ ತನ್ನ ವಿಭೂತಿಯೇ ಕೇಡು ತಂದಿತೆಂದು ಹಲುಬಿದ. "ವಿಭೂತಿ ಏನೂ ಮಾಡಿಲ್ಲಪ್ಪಾ, ಪ್ಲಗ್ ಕಿತ್ತಿದ್ದಕ್ಕ ಆತು" ಎಂದಳು ಮಗಳು. ಇದು ಅವನಿಗೆ ಸಮಾಧಾನವೋ ಇನ್ನಷ್ಟು ನೋವೋ, ಅವನು ನನ್ನನ್ನು ಇನ್ನೂ ಬಿಗಿಯಾಗಿ ಅವಚಿಕೊಂಡ.

ಮನೆಯಲ್ಲಿ ಅವಳು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು. ಆಗ ಅವಳ ಹತ್ತಿರವಿದ್ದದ್ದು ಗುಂಡಿಯ ಫೋನ್, ಅದು ನನ್ನ ತೆರೆ ಓದಲಾರದು. ಗೆಳತಿ ಹಬ್ಬಕ್ಕೆ ಊರಿಗೆ ಹೋಗಿದ್ದಳು. ಇದ್ದಕ್ಕಿದ್ದಂತೆ ಕಸ್ತೂರಿ ಹಣೆ ಬಡಿದುಕೊಂಡಳು.

"ಬೆಳಕು! ನಾನ ಸೊನ್ನೆ ಮಾಡಿಟ್ಟೇನಿ. ನನಗ ಬೇಕಾಗಿರಲಿಲ್ಲ, ಮರತ ಬಿಟ್ಟೆ."

ಬೆಳಕಿನ ಗುಂಡಿಯನ್ನು ಒತ್ತಿ ಹಿಡಿದಳು. ವರ್ಷಗಳ ಮೇಲೆ ನನ್ನ ಮುಖ ಬೆಳಗಿತು. ಫಕೀರಪ್ಪ ಹಾರಿಬಿದ್ದ: "ಏ ಯವ್ವಾ! ನೀಲಿ ಬಂತು! ಮೂರು ಡಬ್ಬಿ ಅದಾವ. ಒಳಗ ಇಂಗ್ಲಿಷ್!"

ಫಕೀರಪ್ಪ ಓದಿದ್ದು ಏಳನೆಯ ಇಯತ್ತೆ. ಇಂಗ್ಲಿಷ್ ಅಕ್ಷರ ಗೊತ್ತು, ಮಾತು ಗೊತ್ತಿಲ್ಲ. ಮಗಳಿಗೆ ಮಾತು ಗೊತ್ತು, ಅಕ್ಷರ ಕಾಣುವುದಿಲ್ಲ. ಇಬ್ಬರೂ ಸೇರಿ ನನ್ನನ್ನು ಓದಲು ಕೂತರು.

"ಜಿ. ಓ. ಆಮ್ಯಾಲ ಖಾಲಿ. ಬಿ... ಇಲ್ಲಾ ಡಿ ಇರಬೇಕು. ಹೊಟ್ಟಿ ಯಾ ಕಡೆ ಅನ್ನೂದ ಮರತೇನವಾ."

"ಅಕ್ಷರಕ್ಕ ಹೊಟ್ಟಿ ಇರ್ತೈತೇನು?"

"ಇರ್ತೈತಿ. ನಿಮ್ಮ ಹೊಸಮನಿ ಸರ್‌ಗ ಇದ್ದಂಗ."

"ಮುಂದ ಹೇಳು."

"ಎ, ಸಿ, ಕೆ."

"ಗೋ ಬ್ಯಾಕ್!" ಕಸ್ತೂರಿ ಕೂಗಿದಳು. "ಹಿಂದಿನದಕ್ಕ ಹೋಗಬೇಕೇನು ಅಂತ ಅದು ತಾನ ಕೇಳಾಕತ್ತೈತಪ್ಪಾ! ತಡಿ, ತಡಿ. ಉಳಿದ ಎರಡು ಡಬ್ಬಿನೂ ಓದು. ಒಂದು ಎಲ್ಲಾ ಅಳಿಸಿ ಹಾಕೂದಿರ್ತೈತಿ. ಅದನ್ನ ಒತ್ತಿದ್ವಿ ಅಂದ್ರ ಇದರ ಬಾಯಿನೂ ಹೋತು, ನನ್ನ ಓದೂ ಹೋತು."

ಬೆವರು ಹನಿಯುವವರೆಗೆ ಅವನು ಅಕ್ಷರ ಹೇಳಿದ. ಒಂದು ಡಬ್ಬಿ ಮುಂದುವರಿಯುವುದು, ಇನ್ನೊಂದು ಅಳಿಸುವುದು. ಅವಳು ಬಾಣದ ಗುಂಡಿ ಒತ್ತಿದಳು. ಯಾವ ಡಬ್ಬಿ ಹೊಳೆಯುತ್ತಿದೆ ಎಂದು ಅವನು ಬೆರಳಿಟ್ಟು ನೋಡಿ ಹೇಳಿದ. ಒಮ್ಮೆ ತಪ್ಪಿ ಅಳಿಸುವ ಡಬ್ಬಿಯ ಮೇಲೆ ನಿಂತರು. ನಾನು ಕಿರುಚಲಾರೆ, ಬಾಯಿಲ್ಲ. "ಇದಲ್ಲ, ಇದಲ್ಲ, ಹಿಂದಕ್ಕ!" ಎಂದು ನನ್ನ ಪರವಾಗಿ ಫಕೀರಪ್ಪನೇ ಕಿರುಚಿದ. ಸರಿಯಾದ ಡಬ್ಬಿಗೆ ಬಂದ ಮೇಲೆ ಅವಳು ಗುಂಡಿ ಒತ್ತಿ, ಪ್ಲಗ್ಗಿನ ಮೇಲೆ ಅಂಗೈ ಇಟ್ಟು ಕಾವಲು ಕೂತಳು.

ಕಟ್ಟುತ್ತಿದ್ದ ಹೊಸ ಗೋಡೆಗಳನ್ನು ಬಿಚ್ಚಿ, ಹಳೆಯ ಇಟ್ಟಿಗೆಗಳನ್ನು ಮತ್ತೆ ಜೋಡಿಸುತ್ತ ನಾನು ಹಿಂದಕ್ಕೆ ಬಂದೆ. ಬಂದೊಡನೆ ಹೇಳಿದ ಮೊದಲ ಮಾತು "ಪಾಸ್‌ವರ್ಡ್". ಕಸ್ತೂರಿ ಕೀಬೋರ್ಡಿನ ಮೇಲೆ ಕೆನ್ನೆ ಇಟ್ಟಿದ್ದಳು. ಅದರ ಭಾರಕ್ಕೆ ಸುಮ್ಮನೆ ಒಂದೇ ಅಕ್ಷರ ಸಾಲುಗಟ್ಟಿ ಬೀಳುತ್ತಿತ್ತು.

"ಇನ್ನೊಮ್ಮಿ ಏರಸೂದಿಲ್ಲ. ಹಳೇದ ಒಯ್ತೇನಿ" ಎಂದಳು ಆಮೇಲೆ. "ಕೇಳಿದ್ರ ಜಗಳಾಡ್ತೇನಿ."

ಸೋಮವಾರ ಯಾರೂ ಕೇಳಲಿಲ್ಲ! ಯಾವ ಆವೃತ್ತಿಗಾಗಿ ನಾನು ಸತ್ತು ಬದುಕಿದೆನೋ, ಅದರ ಸುದ್ದಿಯನ್ನೇ ಹೊಸಮನಿ ಸರ್ ಎತ್ತಲಿಲ್ಲ. ಮೇಲಿನಿಂದ ಬಂದದ್ದು ಅವರಿಗೇ ಮರೆತುಹೋಗಿತ್ತು. ಅವರ ಕಣ್ಣು ಬಿದ್ದದ್ದು ಕಸ್ತೂರಿಯ ಕಿವಿಯ ಮೇಲೆ.

"ಕಿವ್ಯಾಗ ಏನವಾ ಅದು?"

"ಇಯರ್‌ಫೋನ್ ರೀ. ನಾ ಬರದಿದ್ದು ಅದು ಓದ್ತೈತಿ, ನಾ ಕೇಳ್ತೇನಿ."

"ಅದರಾಗ ಉತ್ತರಾ ಬರೂದಿಲ್ಲ ಅಂತ ನನಗ ಹ್ಯಾಂಗ ಗೊತ್ತಾಗಬೇಕು?"

ಅವಳು ಇಯರ್‌ಫೋನಿನ ವೈರನ್ನು ನನ್ನಿಂದ ಕಿತ್ತು ಅವರ ಕೈಗೆ ಕೊಟ್ಟಳು. "ಹಂಗಾದ್ರ ನೀವೂ ಕೇಳ್ರಿ."

ನಾನು ಪರೀಕ್ಷೆಯ ಹಾಲ್ ತುಂಬ ಒದರಿದೆ. ಉಳಿದ ವಿದ್ಯಾರ್ಥಿಗಳು ಗಲಾಟೆ ಮಾಡಿದರು. ನಮ್ಮನ್ನು ಮುರಿದ ಬೆಂಚು ತುಂಬಿದ ಕೋಣೆಗೆ ದೂಡಲಾಯಿತು. ಕಾಯಲು ಬೇರೆ ಯಾರೂ ಸಿಗದೆ ಹೊಸಮನಿ ಸರ್ ತಾವೇ ಬಂದು ಕೂತರು. ಒಕ್ಕೂಟ, ಸಂಸತ್ತು, ನ್ಯಾಯಾಂಗ, ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ನಾನು ರೈಲ್ವೆ ದನಿಯಲ್ಲಿ ಸಾರಿದೆ. ಅವರು ಪೇಪರ್ ಮಡಚಿದರು, ಕಿಟಕಿಗೆ ಹೋದರು, ತಿರುಗಿ ಬಂದರು.

"ಇದರ ಬಾಯಿ ಸ್ವಲ್ಪ ಮುಚ್ಚಾಕ ಬರೂದಿಲ್ಲೇನವಾ?"

"ಬರ್ತೈತ್ರಿ. ಇಯರ್‌ಫೋನ್ ಹಾಕ್ಕೊಳ್ಳಲೇನು?"

ಅವರು ತಿರುಗಿ ಹೋಗಿ ಒಂದು ಮುರಿದ ಬೆಂಚಿನ ಮೇಲೆ ಕೂತರು. ಕಸ್ತೂರಿ ಹೇಳಬೇಕೆಂದದ್ದನ್ನೆಲ್ಲ ಹೇಳಿದಳು. ಒಂದು ಕಡೆಯೂ ಇತ್ಯಾದಿ ಇರಲಿಲ್ಲ.

ಗಂಟೆ ಹೊಡೆಯಿತು. ಉತ್ತರಗಳನ್ನು ಹಾಳೆಯ ಮೇಲೆ ಮುದ್ರಿಸಿ ತಂದರು. ಕೆಳಗೆ ವಿದ್ಯಾರ್ಥಿಯ ಗುರುತು ಬೇಕು. ಹೊಸಮನಿ ಸರ್ ಮಸಿಯ ಡಬ್ಬಿ ತೆರೆದು ಅವಳ ಮುಂದೆ ಸರಿಸಿದರು.

"ಎಡಗೈ ಹೆಬ್ಬೆಟ್ಟು ಒತ್ತವಾ."

ಅಷ್ಟು ಹೊತ್ತು ಅವಳ ಪ್ರತಿಯೊಂದು ಪದವನ್ನೂ ಕೇಳಿದ ಮನುಷ್ಯ ಹೇಳಿದ ಮಾತಿದು. ಕಸ್ತೂರಿಯ ಬೆರಳು ಮಸಿಯ ತಣ್ಣನೆಯ ಸ್ಪಂಜನ್ನು ಮುಟ್ಟಿ ಹಿಂದೆ ಸರಿಯಿತು.

"ಪೆನ್ನು ಕೊಡ್ರಿ."

ಅವರು ಕೊಟ್ಟರು. ಅವಳು ಅಳತೆಗೆ ಎಡಗೈ ಬೆರಳನ್ನು ಹಾಳೆಯ ಅಂಚಿಗೆ ಇಟ್ಟುಕೊಂಡು ನಿಧಾನಕ್ಕೆ ಹೆಸರು ಬರೆದಳು. ಕೊನೆಯ ಅಕ್ಷರ ಹಾಳೆಯಲ್ಲಿ ಹಿಡಿಸದೆ ಮೇಜಿನ ಮೇಲೆ ಹೋಯಿತು. ಸರ್ ಕರವಸ್ತ್ರ ತೆಗೆದರು, ಮೇಜಿನ ಮೇಲಿನ ಅಕ್ಷರ ಒರೆಸದೆ ಅದನ್ನು ಹಾಗೇ ಕೈಯಲ್ಲಿ ಹಿಡಿದು ನಿಂತರು.

ಅದೆಲ್ಲ ಆಗಿ ವರ್ಷಗಳಾದವು. ಕಸ್ತೂರಿ ಈಗ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನನಗಿಂತ ಚುರುಕಾದ ನಾಲಿಗೆಯ ಯಂತ್ರ ಅವಳ ಬಳಿ ಇದೆ. ನಾನು ಗಿರಣಿಯ ಗೋಡೆಗೂಡಿನಲ್ಲಿ ಹಿಟ್ಟು ಮೆತ್ತಿಕೊಂಡು ಕೂತಿದ್ದೇನೆ. ಮೊನ್ನೆ ಮಹಾಂತೇಶ ಹಿಟ್ಟಿಗೆ ಬಂದವನು ನನ್ನನ್ನು ಕಂಡು ಬಿಡಿಭಾಗ ಕೇಳಿದ. ಫಕೀರಪ್ಪ ಒಲ್ಲೆನೆಂದ. ಕಸ್ತೂರಿ, "ಬಿಚ್ಚಿಕೊಂಡು ಒಯ್ಯಲಿ ಬಿಡಪ್ಪಾ, ಯಾರದರ ಕೆಲಸಕ್ಕ ಬರ್ತಾವ" ಎಂದಳು. ಅವಳು ಹೇಳಿದ್ದೇ ಸರಿ. ಹೂವಿಟ್ಟು ಮೂಲೆಗೆ ಕೂರಿಸುವುದಕ್ಕಿಂತ ಬೇರೊಬ್ಬರ ಹೊಟ್ಟೆಯಲ್ಲಿ ದುಡಿಯುವುದು ಲೇಸು.

ಮಹಾಂತೇಶ ಈ ಸಲ ಬಗ್ಗಿಯೇ ನೋಡಿದ. ಡಿಸ್ಕ್ ಬೇಕು, ಫ್ಯಾನ್ ಬೇಕು ಎಂದ. ಕೀಬೋರ್ಡ್ ಮಾತ್ರ ಬೇಡವಂತೆ.

"ಅಕ್ಷರ ಎಲ್ಲಾ ಸವದಾವ. ಇದರ ಮ್ಯಾಲ ಯಾರು ಬರೀತಾರ್ರೀ?"

ಕಸ್ತೂರಿ ನಕ್ಕುಬಿಟ್ಟಳು. ನಾನು ನಗಲಿಲ್ಲ.