ಎರಡು ಕೀಲಿಕೈಗಳ ಮುದ್ರೆ

ನಾನು ಒಂದು ಮುದ್ರೆಯಂತ್ರ. ಶಾಯಿ ಮೆತ್ತಿಕೊಂಡು ಎಲ್ಲೆಂದರಲ್ಲಿ ಬಿದ್ದಿರುವ ರಬ್ಬರಿನ ಠಸ್ಸೆ ಅಂದುಕೊಂಡರೆ ನನಗೆ ಸಿಟ್ಟು ಬರುತ್ತದೆ. ನನ್ನದು ಬೀಡುಕಬ್ಬಿಣದ ಮೈ, ಮೊಳದುದ್ದದ ಹಿಡಿಕೆ, ಬಾಯಲ್ಲಿ ಎರಡು ಹಿತ್ತಾಳೆ ಬಿಲ್ಲೆ. ಪದವಿ ಪತ್ರವನ್ನು ಬಾಯಿಗಿಟ್ಟು ಹಿಡಿಕೆ ಅದುಮಿದರೆ ಕಾಗದ ಉಬ್ಬಿ, ಬೆಳವಲ ವಿಶ್ವವಿದ್ಯಾಲಯದ ಲಾಂಛನ ಮೂಡುತ್ತದೆ. ಅದು ಮೂಡದಿದ್ದರೆ ಪದವಿ ಪತ್ರ ಬರೀ ದಪ್ಪ ಕಾಗದ.

ನನ್ನನ್ನು ಎರಕ ಹೊಯ್ದದ್ದು ಒಂದು ಸಣ್ಣ ಕಾರ್ಖಾನೆಯಲ್ಲಿ. ಬಿಲ್ಲೆ ಕೆತ್ತಿದವನು ಮೌಲಾಸಾಬ. ಅಕ್ಷರಗಳನ್ನು ಉಲ್ಟಾ ಕೆತ್ತಬೇಕು, ಕಾಗದಕ್ಕೆ ಒತ್ತಿದಾಗಲೇ ಅವು ನೆಟ್ಟಗಾಗುವುದು. 'ಬಂದವರಿಗೆಲ್ಲ ಬೆಳಕು' ಎಂಬ ಎರಡೇ ಮಾತಿಗೆ ಅವನು ಆರು ದಿನ ಬೆನ್ನು ಬಗ್ಗಿಸಿದ. ಮೊದಲ ಕುಲಪತಿ ಹಂಚಿನಾಳರು ಜೀಪಿನಲ್ಲಿ ತಾವೇ ನೋಡಲು ಬಂದರು.

"ಸಾಹೇಬ್ರ, ಈ ಬೆಳಕು ನಮ್ಮ ಹುಡುಗರಿಗೂ ಐತೇನ್ರಿ?" ಎಂದು ಮೌಲಾಸಾಬ ಕೇಳಿದ.

"ಅವರಿಗೇ ಮೊದಲು. ಏಳು ಊರಿನವರು ದನ ಮೇಯೋ ಜಾಗ ಬಿಟ್ಟುಕೊಟ್ಟಾರ. ಅವರ ಮಕ್ಕಳು ಕಲೀಲಿಲ್ಲಂದ್ರ ನಾವು ಕಟ್ಟಿದ್ದು ಯಾತಕ್ಕ?"

ಆ ಮಾತನ್ನು ನಾನು ನಂಬಿದೆ. ಹೊಸ ಕಬ್ಬಿಣಕ್ಕೆ ನಂಬಿಕೆ ಜಾಸ್ತಿ.

ನನ್ನನ್ನು ಪರೀಕ್ಷಾ ವಿಭಾಗದ ಒಂದು ಕಪಾಟಿನಲ್ಲಿಟ್ಟರು. ಕಪಾಟಿಗೆ ಎರಡು ಕೀಲಿ. ಒಂದರ ಕೀಲಿಕೈ ಆಡಳಿತ ನೋಡುವ ಕುಲಸಚಿವರ ಬಳಿ, ಇನ್ನೊಂದು ಪರೀಕ್ಷೆ ನೋಡುವ ಕುಲಸಚಿವರ ಬಳಿ. ಇಬ್ಬರೂ ಕೊಟ್ಟರೆ ಮಾತ್ರ ನಾನು ಹೊರಗೆ. ಹಂಚಿನಾಳರದೇ ನಿಯಮ ಅದು. "ಒಬ್ಬನ ಕೈಯಾಗ ಮುದ್ರಿ ಸಿಕ್ಕರ ಅಂವ ರಾಜ ಆಗ್ತಾನ. ಇದು ಸಂಸ್ಥಾನ ಅಲ್ಲ" ಎಂದಿದ್ದರು. ಒಳ್ಳೆಯ ನಿಯಮ. ಒಳ್ಳೆಯ ನಿಯಮಗಳೇ ಕೊನೆಗೆ ಕುತ್ತಿಗೆ ಹಿಚುಕುವುದು ಎಂದು ಆಗ ಗೊತ್ತಿರಲಿಲ್ಲ.

ನನ್ನ ಹಿಡಿಕೆ ಹಿಡಿದವನು ಅಟೆಂಡರ್ ದುರಗಪ್ಪ ಮಾದರ. ಏಳನೇ ಇಯತ್ತೆ ಕಲಿತವನು. ಕೈ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿಕೊಂಡು ನನ್ನ ಮುಂದೆ ಕೂರುತ್ತಿದ್ದ. ಅವನದೊಂದು ಪದ್ಧತಿ: ಪತ್ರದ ಮೇಲಿನ ಹೆಸರನ್ನು ಗಟ್ಟಿಯಾಗಿ ಓದದೆ ಒತ್ತುತ್ತಿರಲಿಲ್ಲ. "ಗಂಗವ್ವ ಫಕೀರಪ್ಪ ಹೂಗಾರ. ಛಲೋ ಆತು ನಮ್ಮವ್ವ!" ಎಂದು ಹೇಳಿ ಅದುಮುತ್ತಿದ್ದ. ಗುಮಾಸ್ತರು ನಗುತ್ತಿದ್ದರು. "ದುರಗ್ಯಾ, ನೀ ಹಿಂಗ ಹಾಜರಿ ಕರಕೋತ ಕುಂತ್ರ ಘಟಿಕೋತ್ಸವ ಮುಂದಿನ ವರ್ಷಕ್ಕ ಹೋಗ್ತದ."

"ಹೋಗ್ಲೇಳ್ರಿ. ಓದಿದವರ ಹೆಸರು ಒಮ್ಮೆರ ಯಾರರ ಓದಬೇಕಲ್ರಿ" ಎನ್ನುತ್ತಿದ್ದ.

ಮೂವತ್ತೊಂದು ವರ್ಷ ಹಾಗೆಯೇ ಓದಿದ.

ಹಂಚಿನಾಳರ ನಂತರ ಬಂದ ಕುಲಪತಿಗಳಲ್ಲಿ ಕೆಲವರು ಕಟ್ಟಿದರು, ಕೆಲವರು ಬಣ್ಣ ಹೊಡೆಸಿದರು, ಕೆಲವರು ಕಲ್ಲಿನ ಮೇಲೆ ತಮ್ಮ ಹೆಸರು ಬರೆಸಿ ಹೋದರು. ಆಮೇಲೆ ಕುರ್ಚಿಯೇ ಖಾಲಿ ಬಿತ್ತು. ಪ್ರಭಾರ ಕುಲಪತಿ ಎಂದು ಒಬ್ಬೊಬ್ಬರು ನಾಲ್ಕು ತಿಂಗಳು, ಆರು ತಿಂಗಳು ಕೂತು ಎದ್ದರು. ಪಾಠ ಮಾಡುವವರೆಲ್ಲ ಅತಿಥಿ ಉಪನ್ಯಾಸಕರು. ಮನೆಯವರೇ ಇಲ್ಲದ ಮನೆಯಲ್ಲಿ ಬರೀ ಅತಿಥಿಗಳು! ಮೂರು ವರ್ಷ ಘಟಿಕೋತ್ಸವ ನಡೆಯಲಿಲ್ಲ. ನಾನು ಕತ್ತಲಲ್ಲಿ ತುಕ್ಕು ಹಿಡಿದೆ.

ಆ ಮೂರು ವರ್ಷದೊಳಗೆ ಎಂ.ಎ. ಮುಗಿಸಿದವಳು ದುರಗಪ್ಪನ ಮಗಳು ಚಂದ್ರಕಲಾ. ಅರ್ಥಶಾಸ್ತ್ರದಲ್ಲಿ ಎರಡನೇ ರ‍್ಯಾಂಕು. ಸರ್ಕಾರಿ ಕಾಲೇಜಿನ ಉಪನ್ಯಾಸಕಿ ಹುದ್ದೆಯ ಆಯ್ಕೆಪಟ್ಟಿಯಲ್ಲಿ ಅವಳ ಹೆಸರು ಬಂತು. ಸೋಮವಾರ ದಾಖಲೆ ಪರಿಶೀಲನೆ. ತಾತ್ಕಾಲಿಕ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಮುದ್ರೆಯಿರುವ ಮೂಲ ಪದವಿ ಪತ್ರವೇ ಬೇಕು, ಇಲ್ಲದಿದ್ದರೆ ಹುದ್ದೆ ಪಟ್ಟಿಯ ಮುಂದಿನವರಿಗೆ.

ದುರಗಪ್ಪ ಹದಿನೈದು ದಿನ ಬಾಗಿಲು ಕಾದು ಪದವಿ ಪತ್ರಕ್ಕೆ ಪ್ರಭಾರ ಕುಲಪತಿಗಳ ಸಹಿ ಹಾಕಿಸಿದ. ಉಳಿದದ್ದು ನಾನೊಬ್ಬನೇ. ಒಂದು ಕೀಲಿಕೈ ಕಚೇರಿಯಲ್ಲೇ ಇತ್ತು. ಇನ್ನೊಂದನ್ನು ಪರೀಕ್ಷೆಯ ಕುಲಸಚಿವರು ಜೇಬಿನಲ್ಲಿಟ್ಟುಕೊಂಡು ಹೋಗಿದ್ದರು. ಅವರಿಗೆ ವರ್ಗವಾಗಿತ್ತು, ಅದರ ವಿರುದ್ಧ ಅವರು ನ್ಯಾಯಾಲಯಕ್ಕೆ ಹೋಗಿದ್ದರು. ದುರಗಪ್ಪ ಬಸ್ಸು ಹತ್ತಿ ಅವರ ಊರಿಗೂ ಹೋಗಿ ಬಂದ. ಶನಿವಾರ ಮಧ್ಯಾಹ್ನ ಕಪಾಟಿನ ಮುಂದೆ ನಿಂತು ಮಗಳಿಗೆ ಹೇಳಿದ್ದನ್ನು ನಾನು ಒಳಗಿನಿಂದ ಕೇಳಿದೆ.

"ಕೀಲಿಕೈ ಕೊಟ್ಟರ ಚಾರ್ಜ್ ಬಿಟ್ಟುಕೊಟ್ಟಂಗ ಆಗ್ತದಂತವ್ವ. ಕೇಸ್ ಬಿದ್ದುಹೋಗ್ತದಂತ. ಚಹಾ ಕೊಟ್ಟರು, ಕೀಲಿಕೈ ಕೊಡಲಿಲ್ಲ."

"ಕೀಲಿ ಒಡೀರಿ ಅಂತ ಇಲ್ಲಿನ ಕುಲಪತಿ ಸಾಹೇಬ್ರಿಗೆ ಹೇಳಬೇಕಿತ್ತಲ್ಲಪ್ಪಾ?"

"ಹೇಳಿದೆ. ಸಿಂಡಿಕೇಟ್ ಠರಾವು ಬೇಕಂತ. ಸಿಂಡಿಕೇಟಿಗೆ ಸದಸ್ಯರನ್ನ ಇನ್ನೂ ನೇಮಿಸಿಲ್ಲಂತ."

ನನ್ನ ಕಪಾಟಿನ ಹಿಂದಿನ ತಗಡು ಸಡಿಲವಾಗಿತ್ತು. ಎರಡೇ ಸ್ಕ್ರೂ ಅದನ್ನು ಹಿಡಿದಿದ್ದವು. ಧೂಳು ಹೊಡೆಯುವ ದುರಗಪ್ಪನಿಗೆ ಅದು ಗೊತ್ತು. ಅವನ ಮಗಳಿಗೂ ಗೊತ್ತು.

"ಅಪ್ಪಾ, ಹಿಂದಿನ ತಗಡು..." ಎಂದಳು.

ಅವನ ಉಗುರು ತಗಡಿಗೆ ತಾಗಿದ್ದು ನನಗೆ ಕೇಳಿಸಿತು. ಕೀಳು, ಮಾರಾಯ! ಒಂದು ಎಳೆತ ಸಾಕು! ನಾನು ಒಳಗೆ ಬಾಯಿ ತೆರೆದುಕೊಂಡೇ ಇದ್ದೆ. "ಚಂದ್ರಕಲಾ ದುರಗಪ್ಪ ಮಾದರ" ಎಂದು ಅವನು ಹೆಸರು ಓದಿದ. ಆಮೇಲೆ ಕೈ ಹಿಂದೆಗೆದ.

"ಬ್ಯಾಡವ್ವ. ಅಟೆಂಡರ್ ದುರಗ್ಯಾ ಮಗಳಿಗೆ ಕಳ್ಳ ಮುದ್ರಿ ಹೊಡದ ಅಂತಾರ. ನೀ ಓದಿದ್ದನ್ನೂ ಕಳ್ಳಂದ ಅಂತಾರ. ನಮ್ಮ ಮಂದಿ ಬಗ್ಗೆ ಹಂಗ ಅನ್ನಾಕ ಕಾಯ್ಕೋತ ಕುಂತಿರ್ತಾರ."

"ಹಂಗಾದ್ರ ನಾ ಓದಿದ್ದನ್ನ ಒಲಿಗೆ ಹಾಕ್ಲೇನು?"

ಎರಡು ಜೊತೆ ಚಪ್ಪಲಿಯ ಸಪ್ಪಳ ದೂರ ಹೋಯಿತು. ಸೋಮವಾರ ಹುದ್ದೆ ಬೇರೆಯವರ ಪಾಲಾಯಿತು. ಇಬ್ಬರಲ್ಲಿ ಒಬ್ಬನೂ ಕೆಟ್ಟದ್ದು ಮಾಡದಿರಲಿ ಎಂದು ಹಂಚಿನಾಳರು ಎರಡು ಕೀಲಿ ಹಾಕಿಸಿದ್ದರು. ಇಬ್ಬರೂ ಸೇರಿ ಒಳ್ಳೆಯದನ್ನೇ ಮಾಡದಿದ್ದರೆ ಏನು ಗತಿ ಎಂದು ಆ ಪುಣ್ಯಾತ್ಮ ಯೋಚಿಸಲಿಲ್ಲ.

ಆ ವರ್ಷವೇ ದುರಗಪ್ಪ ತೀರಿಕೊಂಡ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಅನುಕಂಪದ ನೌಕರಿ ಮಗಳಿಗೆ ಬಂತು. ಖಾಲಿ ಇದ್ದದ್ದು ಅಪ್ಪನ ಜಾಗವೊಂದೇ. ಎರಡನೇ ರ‍್ಯಾಂಕಿನ ಚಂದ್ರಕಲಾ ಅದೇ ಪರೀಕ್ಷಾ ವಿಭಾಗದ ಅಟೆಂಡರ್ ಆದಳು.

ಎರಡು ವರ್ಷದ ಮೇಲೆ ಪೂರ್ಣಾವಧಿಯ ಕುಲಪತಿ ಬಂದರು. ಪದವಿ ಪತ್ರಕ್ಕೆ ಇನ್ನು ಮುಂದೆ ಮೊಬೈಲಿನಲ್ಲಿ ನೋಡುವ ಕ್ಯೂಆರ್ ಗುರುತು ಸಾಕು, ಮುದ್ರೆ ಬೇಡ ಎಂದರು. ನನ್ನನ್ನು ಹೊರಗೆ ತೆಗೆಸಿದರು. ಒಬ್ಬ ಬಡಗಿ ಸುತ್ತಿಗೆ ತಂದ, ನಾಲ್ಕು ಏಟು ಹಾಕಿದ, ಕೀಲಿ ಬಿತ್ತು. ನಾಲ್ಕೇ ಏಟು! ಯಾವ ಠರಾವನ್ನೂ ಯಾರೂ ಕೇಳಲಿಲ್ಲ.

ಒರೆಸಿ ಹೊಳಪು ಮಾಡಲು ನನ್ನನ್ನು ಚಂದ್ರಕಲಾಳ ಮುಂದಿಟ್ಟರು. ಕೋಣೆಯಲ್ಲಿ ಯಾರೂ ಇರಲಿಲ್ಲ. ಅವಳು ಕೈ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿಕೊಂಡಳು. ಚೀಲದಿಂದ ತನ್ನ ಪದವಿ ಪತ್ರ ತೆಗೆದಳು. ಸಹಿ ಇತ್ತು, ಮುದ್ರೆಯ ಜಾಗ ಖಾಲಿಯಿತ್ತು. ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಓದಿದಳು. 'ಛಲೋ ಆತು ನಮ್ಮವ್ವ' ಎನ್ನಲು ಯಾರೂ ಇರಲಿಲ್ಲ. ಹಿಡಿಕೆ ಅದುಮಿದಳು. ನನ್ನಲ್ಲಿದ್ದ ಬಲವನ್ನೆಲ್ಲ ಹಾಕಿ ಕಚ್ಚಿದೆ. ಅಷ್ಟು ಆಳವಾದ ಮುದ್ರೆ ನನ್ನ ಜನ್ಮದಲ್ಲಿ ಮೂಡಿರಲಿಲ್ಲ. ಅದನ್ನು ಕೇಳುವ ಹುದ್ದೆಯೂ ಇರಲಿಲ್ಲ, ಹೊಸದಾಗಿ ಅರ್ಜಿ ಕರೆಯುವ ಸುದ್ದಿಯೂ ಇರಲಿಲ್ಲ.

ಉಬ್ಬಿದ ಅಕ್ಷರಗಳ ಮೇಲೆ ಅವಳು ಬೆರಳಾಡಿಸುತ್ತಿದ್ದಾಗ ಹೊರಗಿನಿಂದ ಕೂಗು ಬಂತು: "ಚಂದ್ರಕಲಾ, ಮೀಟಿಂಗಿಗೆ ಚಹಾ ಹೋತೇನು?"

"ಬಂದ್ನಿರಿ" ಎಂದು ಪತ್ರ ಸುತ್ತಿ ಎದ್ದಳು.

ಈಗ ನಾನು ಆಡಳಿತ ಭವನದ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದೇನೆ. 'ನಮ್ಮ ಪರಂಪರೆ' ಎಂದು ಕೆಳಗೆ ಚೀಟಿ ಹಚ್ಚಿದ್ದಾರೆ. ಬಾಯಿ ತೆರೆದು ಕೂರಿಸಿದ್ದಾರೆ. ಬಂದವರು ಬಗ್ಗಿ ನೋಡುತ್ತಾರೆ, ಉಲ್ಟಾ ಅಕ್ಷರ ಓದಲಾಗದೆ ಮುಂದೆ ಹೋಗುತ್ತಾರೆ. ಪೆಟ್ಟಿಗೆಗೆ ಮತ್ತೆ ಎರಡು ಕೀಲಿ ಹಾಕಿದ್ದಾರೆ, ಹಳೆಯ ನಿಯಮವಂತೆ. ದಿನಾ ಬೆಳಿಗ್ಗೆ ಚಂದ್ರಕಲಾ ಬಂದು ಗಾಜು ಒರೆಸುತ್ತಾಳೆ, ಹೊರಗಿನಿಂದ.